ಹೆದರಿದವರ ಮನೆ ಅಗ್ಗ

ಮನೆ ಮಾರಿದ ಸುದ್ದಿಯನ್ನು ಮಹಾಂತಯ್ಯ ಹೆಂಡತಿಗೆ ಹೇಳಿದ್ದು ಬಂಡಿ ಬಾಗಿಲಿಗೆ ಬಂದು ನಿಂತ ಮೇಲೆ. ಅಲ್ಲಿಯತನಕ ಚನ್ನವೀರಮ್ಮ, ಸ್ವಲ್ಪ ದಿನ ಊರು ಬಿಟ್ಟಿದ್ದು ಗಲಾಟೆ ತಣ್ಣಗಾದ ಮೇಲೆ ತಿರುಗಿ ಬರುವುದು ಎಂದೇ ತಿಳಿದಿದ್ದಳು. ಜೋಳ ತುಂಬಿದ ನೆಲದ ಹಗೇವಿನ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದಳು. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಡ್ಡಗಟ್ಟಿಗೆ ಇಟ್ಟು, ಮುಂಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಾಗ ಗಂಡ ಕೈ ಚಾಚಿದ.

"ಕೀಲಿ ಇಲ್ಲಿ ಕೊಡು. ಜಂಬಪ್ಪನವ್ರಿಗೆ ಕೊಡಬೇಕು. ಮನಿ ಅವ್ರಿಗೆ ಬರದು ಕೊಟ್ಟೀನಿ."

ಚನ್ನವೀರಮ್ಮನ ಕಿವಿಗೆ ಮಾತು ಬಿತ್ತು, ತಲೆಗೆ ಹೋಗಲಿಲ್ಲ. ಮತ್ತೊಮ್ಮೆ ಕೇಳಿದಳು. ಮಹಾಂತಯ್ಯ ನೆಲ ನೋಡುತ್ತಾ ಅದನ್ನೇ ಹೇಳಿದ. ಬಂಡಿಯವನು ಎತ್ತಿನ ಬಾಲ ಮುಟ್ಟಿ ಅವಸರ ತೋರಿಸಿದ. ಬೀದಿಯ ತುದಿಯಲ್ಲಿ ಜಂಬಪ್ಪ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಳ್ಳುತ್ತಾ ನಿಂತಿದ್ದ. ಚನ್ನವೀರಮ್ಮ ಕೀಲಿಯನ್ನು ಗಂಡನ ಕೈಗೆ ಕೊಡಲಿಲ್ಲ. ಹೊಸ್ತಿಲ ಮುಂದಿನ ಮಣ್ಣಿನಲ್ಲಿ ಎಸೆದು ಬಂಡಿ ಹತ್ತಿದಳು.

ಅದು ನಲವತ್ತೆಂಟರ ವೈಶಾಖ. ನಿಜಾಮನ ರಾಜ್ಯ ಯಾವ ಕಡೆಗೆ ಹೋಗುತ್ತದೆಂದು ಮಕ್ತಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಜಾಮನ ಪರ ನಿಂತ ರಜಾಕಾರರು ಖಾಕಿ ತೊಟ್ಟು ಕವಾಯತು ಮಾಡುತ್ತಿದ್ದರು, ಹಳ್ಳಿ ಸುಟ್ಟ ಸುದ್ದಿಗಳು ದಿನಕ್ಕೊಂದು ಬರುತ್ತಿದ್ದವು. ಬಂದ ಸುದ್ದಿಗಳಲ್ಲಿ ಖರೆಯವೂ ಇದ್ದವು. ಹೆದರಲು ಕಾರಣವಿರಲಿಲ್ಲ ಎಂದು ಚನ್ನವೀರಮ್ಮ ಮುಂದೆಂದೂ ಹೇಳಲಿಲ್ಲ. ಆದರೆ ಗಂಡನನ್ನು ಹೆದರಿಸಿದ್ದು ರಜಾಕಾರರಿಗಿಂತ ಹೆಚ್ಚಾಗಿ ಜಂಬಪ್ಪ ಎಂಬುದು ದಾರಿಯುದ್ದಕ್ಕೂ ಅವನ ಬಾಯಿಂದಲೇ ಸ್ವಲ್ಪಸ್ವಲ್ಪವಾಗಿ ಹೊರಬಿತ್ತು.

ಜಂಬಪ್ಪ ಮೊದಲು ಶೇಂಗಾ ಅಡತಿ ಮಾಡುತ್ತಿದ್ದವನು. ಆ ವರ್ಷ ಶೇಂಗಾ ಬಿಟ್ಟು ಮನೆಗಳ ದಲ್ಲಾಳಿ ಹಿಡಿದಿದ್ದ. ಸಂಜೆಯಾದರೆ ಮಹಾಂತಯ್ಯನ ಬೆಲ್ಲ-ಎಣ್ಣೆ ಅಂಗಡಿಯ ಕಟ್ಟೆಗೆ ಬಂದು ಕೂರುವನು. ಏನೂ ಕೇಳುತ್ತಿರಲಿಲ್ಲ. ಮಾಗನೂರು ಕಡೆ ಹಿಂಗಾಯ್ತಂತ, ನಾರಾಯಣಪೇಟೆಯಲ್ಲಿ ಇಂಥವರ ಹೆಸರು ಬರೆದುಕೊಂಡು ಹೋದರಂತ ಎಂದು ಹೇಳಿ, ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡು ಏಳುವನು. ಹೀಗೆ ಕೆಲವು ಸಂಜೆ ಕಳೆದ ಮೇಲೆ ಒಂದು ಮಾತು ಹೇಳಿದ: ಬೀಗ ಹಾಕಿ ಹೋದ ಮನೆ ಸರ್ಕಾರದ್ದಾಗುತ್ತದೆ, ಇವತ್ತು ಬಂದಷ್ಟಾದರೂ ಬರುತ್ತದೆ, ನಾಳೆ ಅದೂ ಇಲ್ಲ. ಮಹಾಂತಯ್ಯ ಅದನ್ನು ಯಾರ ಹತ್ತಿರವೂ ವಿಚಾರಿಸಲಿಲ್ಲ. ಹೆಂಡತಿಯನ್ನು ಕೇಳಲಿಲ್ಲ. ತಹಶೀಲಿಗೆ ಹೋಗಿ ರುಜು ಹಾಕಿ ಬಂದ.

ಆ ಮನೆ ಕಟ್ಟುವಾಗ ಚನ್ನವೀರಮ್ಮ ಆಳುಗಳ ಜೊತೆ ಮಣ್ಣು ಹೊತ್ತಿದ್ದಳು. ತವರು ಕೊಟ್ಟ ಸೊಂಟದ ಡಾಬು ತೊಲೆ-ಜಂತಿಗಳಿಗೆ ಹೋಗಿತ್ತು. ಮಾಳಿಗೆಯ ಮೇಲ್ಮುದ್ದೆಗೆ ಸವಳು ಮಣ್ಣು ಬೇಕೆಂದು ಹಳ್ಳದ ಆಚೆಗಿನಿಂದ ತರಿಸಿದ್ದಳು. ಎಂಥ ಮಳೆಯಲ್ಲೂ ಆ ಮಾಳಿಗೆ ಒಂದು ಹನಿ ಸೋರಿದ್ದಿಲ್ಲ. ಜಂಬಪ್ಪ ಕೊಟ್ಟ ರೊಕ್ಕದಲ್ಲಿ ಆ ತೊಲೆಗಳೂ ಬರುತ್ತಿರಲಿಲ್ಲ.

ಹರಗೋಲಿನಲ್ಲಿ ಕೃಷ್ಣೆ ದಾಟಿ ಗದ್ವಾಲಕ್ಕೆ ಬಂದರು. ಅಲ್ಲಿಂದ ತುಂಗಭದ್ರೆ ದಾಟಿ ಕರ್ನೂಲು. ನದಿಯ ಆಚೆ ಮದ್ರಾಸಿನ ಸರ್ಕಾರ. ಅಲ್ಲಿ ನಿಜಾಮನ ಹಾಲಿ ರೂಪಾಯಿ ಓಡುವುದಿಲ್ಲ, ಹಿಂದುಸ್ತಾನದ ಕಲ್ದಾರ್ ರೂಪಾಯಿಯೇ ಆಗಬೇಕು. ಬದಲಾಯಿಸಿಕೊಡುವವನು ಇವರ ಮುಖದ ಮೇಲಿನ ಧೂಳು ನೋಡಿಯೇ ದರ ಹೇಳಿದ. ಬಾಡಿಗೆಗೆ ಸಿಕ್ಕಿದ್ದು ಒಂದು ದನದ ಕೊಟ್ಟಿಗೆ. ಗೋಡೆಗೆ ಸುಣ್ಣ ಹೊಡೆದು ಅದನ್ನು ಮನೆ ಎಂದು ಕರೆಯುತ್ತಿದ್ದರು. ನದಿ ದಾಟಿ ಹೊಸ ಬಂಡಿಗಳು ಬಂದಂತೆಲ್ಲ ಮಾಲೀಕ ಬಾಡಿಗೆ ಏರಿಸಿದ. ಕೇಳಿದರೆ, ನೀವು ಬಿಟ್ಟರೆ ಹೊರಗೆ ಇನ್ನೊಬ್ಬರು ನಿಂತಿದ್ದಾರೆ ಎಂದು ತೆಲುಗಿನಲ್ಲಿ ಮೆಲ್ಲಗೇ ಹೇಳಿದ. ಅವನು ಹೇಳಿದ್ದು ಸುಳ್ಳೂ ಅಲ್ಲ. ಚನ್ನವೀರಮ್ಮ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಸೇರಿದಳು. ರೊಟ್ಟಿ ಬಡಿಯುವ ಸದ್ದಿಗೆ ಖಾನಾವಳಿಯವರು, ಈಕೆ ಯಾರ ಮೇಲೆ ಸಿಟ್ಟಾಗಿದ್ದಾಳೆ ಎಂದು ತಮ್ಮತಮ್ಮಲ್ಲೇ ನಗುತ್ತಿದ್ದರಂತೆ. ಮಹಾಂತಯ್ಯನ ಜೊತೆ ಅವಳು ಆ ಐದಾರು ತಿಂಗಳು ಬೇಕಾದಷ್ಟೇ ಮಾತಾಡಿದಳು. ಉಪ್ಪು ಬೇಕು, ನೀರು ಬಂತು, ಇಂಥವು.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂದು ವಾರದೊಳಗೆ ಎಲ್ಲ ಮುಗಿಯಿತು. ದೀಪಾವಳಿ ಕಳೆದ ಮೇಲೆ, ಕೃಷ್ಣೆ ಇಳಿದದ್ದು ನೋಡಿಕೊಂಡು ಗಂಡಹೆಂಡಿರು ಮಕ್ತಲಕ್ಕೆ ತಿರುಗಿದರು.

ಚನ್ನವೀರಮ್ಮ ಮೊದಲು ಹೋದದ್ದು ತನ್ನ ಮನೆಯ ಬಾಗಿಲಿಗೆ. ಅಲ್ಲಿ ಸೇಂದಿ ಗುತ್ತೇದಾರನೊಬ್ಬನ ಕುಟುಂಬ ಸೇರಿತ್ತು. ಗಲಾಟೆ ನಿಂತ ಕೂಡಲೇ ಜಂಬಪ್ಪ ಮನೆಯನ್ನು ಅವನಿಗೆ, ತಾನು ಕೊಟ್ಟದ್ದರ ಮೂರರಷ್ಟಕ್ಕೆ ಮಾರಿದ್ದ. ಗುತ್ತೇದಾರನ ಹೆಂಡತಿ ಒಳ್ಳೆಯ ಹೆಂಗಸೇ. ಬರ್ರಿ, ಕೂಡ್ರಿ ಎಂದು ಕರೆದಳು. ಚನ್ನವೀರಮ್ಮ ಒಳಗೆ ಕಾಲಿಡಲಿಲ್ಲ. ಗಂಡನನ್ನು ಎಳೆದುಕೊಂಡು ತಹಶೀಲಿಗೆ ಹೋದಳು. ಅಲ್ಲಿನ ಗುಮಾಸ್ತ ಉರ್ದು ಕಾಗದ ಓದಿ, ಮಹಾಂತಯ್ಯನವರು ರಾಜಿಖುಷಿಯಿಂದ ಬರೆದುಕೊಟ್ಟಿದ್ದಾರೆ, ಜುಲುಮೆಯ ಮಾತೇ ಇಲ್ಲ, ಮಾಡುವುದೇನಿಲ್ಲ ಎಂದ. ಖುಷಿಯಿಂದ ಎಂಬ ಶಬ್ದ ಕೇಳಿ ಚನ್ನವೀರಮ್ಮ ನಕ್ಕಳು. ಆ ನಗು ಕೇಳಿ ಗುಮಾಸ್ತ ತಲೆ ಎತ್ತಿ ನೋಡಿದನಂತೆ.

ಅಲ್ಲಿಂದ ನೇರ ಜಂಬಪ್ಪನ ಹತ್ತಿರ. ಅವನು ಗದ್ದಲ ಮಾಡಲಿಲ್ಲ, ಕುಡಿಯಲು ನೀರು ಕೊಡಿಸಿದ. ರೂಮಿ ಟೋಪಿ ಬಿಟ್ಟು ಗಾಂಧಿ ಟೋಪಿ ಹಾಕಿಕೊಂಡವರು ಆಗ ಊರ ತುಂಬ ಇದ್ದರು. ಜಂಬಪ್ಪ ಮೊದಲೂ ಬರಿದಲೆ, ಈಗಲೂ ಬರಿದಲೆ. ಯಾರು ಹೆದರಿದ್ದಾರೆ ಎಂಬುದಷ್ಟೇ ಅವನಿಗೆ ಬೇಕಿತ್ತು.

"ತಾಯಿ, ಆವಾಗ ನಾ ಧೈರ್ಯ ಮಾಡಿ ತಗೊಳ್ಳಲಿಲ್ಲಂದ್ರ ನಿಮ್ಗ ನದಿ ದಾಟಾಕ ಬಂಡಿ ಬಾಡಿಗಿನೂ ಇರ್ತಿರಲಿಲ್ಲ. ಒಬ್ಬ ಹೆದರ್ತಾನ, ಒಬ್ಬ ಧೈರ್ಯ ಮಾಡ್ತಾನ. ಯಾಪಾರ ಅಂದ್ರ ಇಷ್ಟ ಐತಿ."

ಅವನು ಕೊಡಿಸಿದ ನೀರನ್ನು ಮುಟ್ಟದೆ ಚನ್ನವೀರಮ್ಮ ಎದ್ದು ಬಂದಳು.

ಮಾಗನೂರಿನಲ್ಲಿ ಚನ್ನವೀರಮ್ಮನ ತಮ್ಮ ಮಲ್ಲಣ್ಣನ ಮನೆಯಲ್ಲಿ ಮಲಗುವುದು, ಬೆಳಿಗ್ಗೆ ನಡೆದು ಬಂದು ಮಕ್ತಲದಲ್ಲಿ ಹಳೇ ಅಂಗಡಿ ತೆರೆಯುವುದು. ಹೀಗೆ ಕಾರ್ತಿಕ ಕಳೆಯುತ್ತಿದ್ದಾಗ ಒಂದು ದಿನ ಮಹಾಂತಯ್ಯ ಮುಖ ಅರಳಿಸಿಕೊಂಡು ಬಂದ. ಜಂಬಪ್ಪ ಒಂದು ಮನೆ ತೋರಿಸುತ್ತೇನೆಂದಿದ್ದಾನೆ, ನಿಮಗೆ ನಷ್ಟವಾದದ್ದು ನನ್ನ ಮನಸ್ಸಿಗೂ ಹತ್ತಿದೆ, ಅದಕ್ಕೇ ಬೇರೆ ಯಾರಿಗೂ ಹೇಳದೆ ನಿಮಗೇ ಹೇಳುತ್ತಿದ್ದೇನೆ ಎಂದಿದ್ದಾನೆ. ನಾಕಾದಲ್ಲಿ ಸುಂಕದ ಗುಮಾಸ್ತನಾಗಿದ್ದ ಖಾಸಿಂ ಸಾಹೇಬನ ಮನೆ. ಅವನನ್ನು ಪೊಲೀಸರು ಹಿಡಿದುಕೊಂಡು ಹೋಗಿ ಜೇಲಿನಲ್ಲಿಟ್ಟಿದ್ದಾರೆ. ಹೆಂಡತಿ ಮಾರಿ ಹೈದರಾಬಾದಿಗೆ ಹೋಗಿಬಿಡುತ್ತಾಳೆ. ದರ ಎಷ್ಟು ಇಳಿದಿದೆಯೆಂದರೆ ಕರ್ನೂಲಿನ ಕೂಲಿ ಉಳಿಕೆಗೂ ಅಂಗಡಿಯ ರೊಕ್ಕಕ್ಕೂ ಸರಿಹೋಗುತ್ತದೆ.

ಖಾಸಿಂ ಸಾಹೇಬನನ್ನು ಚನ್ನವೀರಮ್ಮ ಕಂಡಿದ್ದಳು. ಹೋದ ಚೈತ್ರದಲ್ಲಿ ಅವನು ಖಾಕಿ ತೊಟ್ಟು ಕವಾಯತಿನ ಸಾಲಿನಲ್ಲಿ ಅವಳ ಮನೆಯ ಮುಂದೆಯೇ ಹಾದುಹೋಗಿದ್ದ. ಮೇಲಿನವರು ಹೇಳಿದರೆಂದು ತೊಟ್ಟನೋ, ಮನಸ್ಸಾಗಿ ತೊಟ್ಟನೋ ಅವಳಿಗೆ ಗೊತ್ತಿಲ್ಲ. ಸಾಲಿನಲ್ಲಿದ್ದದ್ದನ್ನು ಮಾತ್ರ ಕಂಡಿದ್ದಳು. ಅವನ ಮನೆ ಹೋದರೆ ಹೋಗಲಿ ಎಂದು ಒಳಗೆ ಒಂದು ಕಡೆ ಅನ್ನಿಸಿತು. ನೋಡಿಕೊಂಡು ಬರೋಣ ನಡೆಯಿರಿ ಎಂದಳು.

ಮನೆ ನೋಡುವುದರಲ್ಲಿ ಅವಳು ಯಾರಿಗೂ ದಾಕ್ಷಿಣ್ಯ ಮಾಡುವವಳಲ್ಲ. ಗೋಡೆಯ ಬುಡಕ್ಕೆ ಅಂಗೈ ಒತ್ತಿ ಹಸಿ ನೋಡಿದಳು. ಜಂತಿಗಳಿಗೆ ಗೆದ್ದಲು ಹತ್ತಿದೆಯೋ ಎಂದು ಕೋಲಿನಿಂದ ಬಡಿದಳು. ಬಾವಿಗೆ ಕೊಡ ಇಳಿಸಿ ಸಿಹಿ ನೀರು ಕುಡಿದು ಮತ್ತೊಂದು ಬೊಗಸೆ ತುಂಬಿಕೊಂಡಳು. ಪಡಸಾಲೆ ದೊಡ್ಡದು, ಬೆಳಕಿಂಡಿಯಿಂದ ಬಿಸಿಲು ಅಡುಗೆಮನೆಯ ಒಳಗಿನವರೆಗೂ ಬೀಳುತ್ತಿತ್ತು. ತನ್ನ ಮನೆಗಿಂತ ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲು ಅವಳಿಗೆ ಕಷ್ಟವಾಯಿತು. ಒಲೆ ಎಲ್ಲಿ ಹಾಕಬೇಕು, ಬೀಸುವ ಕಲ್ಲು ಎಲ್ಲಿಡಬೇಕು ಎಂದೆಲ್ಲ ಮನಸ್ಸು ಆಗಲೇ ನಿಶ್ಚಯಿಸಿಬಿಟ್ಟಿತ್ತು.

ಖಾಸಿಂ ಸಾಹೇಬನ ಹೆಂಡತಿ ಅಮೀನಾಬಿ ಕಂಬಕ್ಕೆ ಆತುಕೊಂಡು ನಿಂತಿದ್ದಳು. ಫೌಜು ಬಂದ ಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಸೇಡಿನ ಹೆಸರಿನಲ್ಲಿ ಆಗಬಾರದ್ದೆಲ್ಲ ಆಗಿತ್ತು; ಅಲ್ಲಿಂದ ಓಡಿಬಂದ ಅವಳ ಅಕ್ಕ ಒಳಕೋಣೆಯಿಂದ ಹೊರಗೇ ಬರುತ್ತಿರಲಿಲ್ಲ. ಮಹಾಂತಯ್ಯ ಅಂಗಳಕ್ಕೆ ಹೋದಾಗ ಚನ್ನವೀರಮ್ಮ, ಹಿಂಗ್ಯಾಕ ಅವಸರ ಮಾಡಿ ಮಾರ್ತಿ ಎಂದು ಸುಮ್ಮನೆ ಕೇಳಿದಳು.

ಅಮೀನಾಬಿ ತಲೆ ಎತ್ತದೆ ಹೇಳಿದಳು: "ಜಂಬಪ್ಪನವ್ರು ಅಂದ್ರು. ಬೀಗ ಹಾಕಿ ಹೋದ ಮನಿ ಸರ್ಕಾರದ್ದಾಗತೈತಂತ. ಇವತ್ತು ಬಂದಷ್ಟಾರ ಬರತೈತಿ, ನಾಳೆ ಅದೂ ಇಲ್ಲಂತ."

ಬಂಡಿಯಲ್ಲಿ ಗಂಡನ ಬಾಯಿಂದ ಚನ್ನವೀರಮ್ಮ ಕೇಳಿದ್ದ ಮಾತೇ ಅದು. ಒಂದು ಅಕ್ಷರ ಕೂಡ ಜಂಬಪ್ಪ ಬದಲಾಯಿಸಿರಲಿಲ್ಲ. ವೈಶಾಖದಲ್ಲಿ ಒಂದು ಬಾಗಿಲಿಗೆ ಹೇಳಿದ್ದನ್ನೇ ಕಾರ್ತಿಕದಲ್ಲಿ ಇನ್ನೊಂದು ಬಾಗಿಲಿಗೆ ಹೇಳಿದ್ದ. ತಾನು ಕೂಡ ಈಗ ಅದೇ ಮಾತಿನ ಬೆನ್ನಿಗೆ, ಬಾವಿಯ ನೀರು ಕುಡಿದು ರುಚಿ ನೋಡುತ್ತ ನಿಂತಿದ್ದಾಳೆ. ಮೊದಲು ಜಂಬಪ್ಪನ ಮೇಲೆ ಬಂದ ಸಿಟ್ಟು ಆಮೇಲೆ ತನ್ನ ಮೇಲೆಯೇ ತಿರುಗಿತು. ಎದುರಿಗೆ ನಿಂತು ಇಷ್ಟು ಸುಲಭವಾಗಿ ನಂಬಿದ ಹೆಂಗಸಿನ ಮೇಲೂ ತಿರುಗಿತು.

"ಮಾರಬ್ಯಾಡ," ಎಂದಳು.

ಅಮೀನಾಬಿ ಈಗ ತಲೆ ಎತ್ತಿದಳು. ನಂಬಿಕೆ ಬಂದಿರಲಿಲ್ಲ. "ನೀನು ತಗೊಳ್ಳಾಕ ಬಂದೋಳು. ನಿನಗ ಬ್ಯಾಡೇನು?"

"ಬೇಕು. ಭಾಳ ಬೇಕು. ನಿನ್ನ ಗಂಡ ಖಾಕಿ ಹಾಕ್ಕೊಂಡು ನನ್ನ ಬಾಗಿಲ ಮುಂದ ನಡದಾನ, ಅದನ್ನ ನಾ ಮರತಿಲ್ಲ, ಮರಿಯೂದೂ ಇಲ್ಲ. ಅದು ಬ್ಯಾರೆ. ಇದು ಬ್ಯಾರೆ. ಹೆದರಿದಾಗ ಮನಿ ಮಾರಬಾರದು. ಹಸಿವಾದ್ರ ತೊಲೆ ಮಾರು, ಬಾಗಲ ಮಾರು. ಮನಿ ಮಾತ್ರ ಹೆದರಿಕಿ ಹೋದ ಮ್ಯಾಲ ಮಾರು."

ಆಮೇಲೆ ಅವಳು ಹೇಳಿದ್ದೆಲ್ಲ ಬೈಗುಳದ ಹಾಗೆಯೇ ಇತ್ತೆಂದು ಅಮೀನಾಬಿ ಮುಂದೆ ನೆನೆಯುತ್ತಿದ್ದಳು. ಗಂಡ ಜೇಲಿನಲ್ಲಿರುವಾಗ ನೀನೊಬ್ಬಳೇ ಹೆಬ್ಬೆಟ್ಟು ಒತ್ತಿದರೆ ನಾಳೆ ಅವನ ಅಣ್ಣತಮ್ಮಂದಿರು ಬಂದು ನಿನ್ನ ಕುತ್ತಿಗೆ ಹಿಡಿಯುತ್ತಾರೆ. ಒಬ್ಬನೇ ದಲ್ಲಾಳಿ ಹೇಳಿದ ದರ ದರವಲ್ಲ, ಇಬ್ಬರಾದರೂ ಕೊಳ್ಳುವವರು ಬಾಗಿಲಿಗೆ ಬಂದು ನಿಲ್ಲುವವರೆಗೂ ಬಾಯಿ ಬಿಡಬೇಡ. ಮನೆಯನ್ನು ಖಾಲಿ ಬಿಡಬೇಡ, ಬಾಡಿಗೆಗೆ ಕೊಡು. ಯಾರಿಗೆ ಕೊಡಲಿ, ಈ ಕಾಲದಲ್ಲಿ ನಮ್ಮ ಮನೆಗೆ ಯಾರು ಬರುತ್ತಾರೆ ಎಂದು ಅಮೀನಾಬಿ ಅಳುತ್ತಾ ಕೇಳಿದಳು. ನನಗೆ ಕೊಡು ಎಂದಳು ಚನ್ನವೀರಮ್ಮ. ಆ ಮಾತು ಅವಳಿಗೂ ಬಾಯಿಗೆ ಬಂದ ಮೇಲೇ ಗೊತ್ತಾದದ್ದು.

ಮಾಗನೂರಿನ ದಾರಿಯಲ್ಲಿ ಮಹಾಂತಯ್ಯ ಮೊದಲ ಸಲ ಹೆಂಡತಿಯ ಮೇಲೆ ಕೂಗಾಡಿದ. ಕೈಗೆ ಬಂದ ಮನೆಯನ್ನು ಕಾಲಿನಿಂದ ಒದ್ದೆ ಎಂದ. ನಾವು ಕಳೆದುಕೊಂಡಾಗ ನಮಗೆ ಯಾರು ಬುದ್ಧಿ ಹೇಳಿದರು ಎಂದ. ಚನ್ನವೀರಮ್ಮ ರಸ್ತೆಯ ನಡುವೆಯೇ ನಿಂತಳು.

"ಯಾರೂ ಹೇಳಲಿಲ್ಲ. ಯಾರರ ಒಬ್ಬರು ಹೇಳಿದ್ರ ಇವತ್ತು ನಮ್ಮ ಮನಿಯಾಗ ಇರ್ತಿದ್ವಿ. ನೀವು ನನ್ನ ಕೇಳಿದ್ರ ನಾನೇ ಹೇಳ್ತಿದ್ದೆ."



ಮನೆಯನ್ನು ತಾನೇ ಕೊಳ್ಳುವೆನೆಂದು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಲು ಜಂಬಪ್ಪ ಸಾಕ್ಷಿದಾರರೊಂದಿಗೆ ಅಮೀನಾಬಿಯ ಮನೆಗೆ ಬಂದ ದಿನ ಚನ್ನವೀರಮ್ಮ ಅಲ್ಲೇ ಹೊಸ್ತಿಲಲ್ಲಿ ನಿಂತಿದ್ದಳು. ಸುತ್ತ ಬೀದಿಯವರು ಸೇರಿದ್ದರು. ವೈಶಾಖದಲ್ಲಿ ತನ್ನ ಗಂಡನಿಗೆ ಏನು ಹೇಳಿದೆ, ಈಗ ಇವಳಿಗೆ ಏನು ಹೇಳಿದೆ, ಎರಡನ್ನೂ ಜನರ ಮುಂದೆ ಹೇಳು ಎಂದು ಕೇಳಿದಳು. ಅಲ್ಲಿಯವರೆಗೆ ಅವನನ್ನು 'ರೀ' ಎನ್ನುತ್ತಿದ್ದವಳು ಅಂದು ಏಕವಚನಕ್ಕೆ ಇಳಿದಳು.

"ರಜಾಕಾರ ಬಂದಾಗ ನಮ್ಮನ್ನ ಹೆದರಿಸಿದಿ. ಫೌಜು ಬಂದಾಗ ಇವ್ರನ್ನ ಹೆದರಿಸಿದಿ. ಯಾರ ರಾಜ್ಯ ಬಂದ್ರೂ ನಿನಗ ಸುಗ್ಗಿ. ಈ ಓಣ್ಯಾಗ ಎಷ್ಟು ಮನಿಗೆ ಹೋಗಿ ಇದ ಮಾತು ಅಂದೀ, ಹೇಳು."

ಜನರಲ್ಲಿ ಯಾರೂ ಜಂಬಪ್ಪನನ್ನು ಹಿಡಿದು ಕೇಳಲಿಲ್ಲ. ಒಬ್ಬಿಬ್ಬರು ನಕ್ಕರು. ಒಬ್ಬ, ಸಾಬರ ಪರ ಮಾತಾಡುತ್ತಾಳಲ್ಲ ಎಂದು ಗೊಣಗಿದ. ಜಂಬಪ್ಪ ಸಿಟ್ಟು ಮಾಡಲಿಲ್ಲ, ಅದೇ ಅವನ ಬಲ. ತಾಯಿಗೆ ಮನೆ ಹೋದ ಸಂಕಟ, ಪಾಪ ಎಂದು ಸಾಕ್ಷಿದಾರರಿಗೆ ಹೇಳಿ, ಅಮೀನಾಬಿಯ ಕಡೆ ತಿರುಗಿ ಕಾಗದ ಚಾಚಿದ. ಅಮೀನಾಬಿ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಇಲ್ಲವೆಂದು ತಲೆಯಾಡಿಸಿದಳು. ಅಷ್ಟೇ. ಅವನು ಕಾಗದ ಮಡಚಿಕೊಂಡು ಹೋದ.

ಚನ್ನವೀರಮ್ಮ ಆ ಓಣಿಯ ಉಳಿದ ಮನೆಗಳಿಗೂ ಹೋದಳು. ಕೆಲವರು ಬಾಗಿಲು ತೆರೆಯಲಿಲ್ಲ. ಇಬ್ಬರು ಕೇಳಿದರು, ಮಾರದೆ ಉಳಿದರು. ಗಾಡಿಗಳಿಗೆ ಚಕ್ರ ಮಾಡುತ್ತಿದ್ದ ಹುಸೇನ ಸಾಬನೆಂಬ ಮುದುಕ ಎಲ್ಲ ಕೇಳಿ, ನೀ ಹೇಳೂದು ಖರೆ ತಾಯಿ, ಆದರ ರಾತ್ರಿ ನಿದ್ದಿ ಬರಂಗಿಲ್ಲ ಎಂದು ಹೇಳಿ ಮರುವಾರವೇ ಮಾರಿ ಹೋದ. ಅವನ ಮನೆ ಜಂಬಪ್ಪನ ಶೇಂಗಾ ಗೋದಾಮಾಯಿತು. ನಿದ್ದೆ ಬಾರದವನಿಗೆ ಯಾವ ಬುದ್ಧಿ ಹೇಳಿದರೂ ಹತ್ತುವುದಿಲ್ಲ ಎಂಬುದು ಅವಳಿಗೆ ಅಂದು ಗೊತ್ತಾಯಿತು. ಆ ಗೋದಾಮಿನ ಮುಂದೆ ಹಾಯುವಾಗಲೆಲ್ಲ ಅವಳ ಹೆಜ್ಜೆ ಬಿರುಸಾಗುತ್ತಿತ್ತು.

ಅಮೀನಾಬಿಯ ಮನೆಯ ಮುಂಭಾಗ ಬಾಡಿಗೆಗೆ ಚನ್ನವೀರಮ್ಮನಿಗೆ, ಹಿಂಭಾಗ ಅಮೀನಾಬಿಗೇ. ನಡುವೆ ಗೋಣಿತಟ್ಟಿನ ಪರದೆ. ಎಲ್ಲರೂ ಅಂದುಕೊಳ್ಳುವಂತೆ ಅದೇನೂ ಸಿಹಿಯಾದ ಸಂಸಾರವಾಗಿರಲಿಲ್ಲ. ಚನ್ನವೀರಮ್ಮ ಲಿಂಗಪೂಜೆಯ ಮನೆಯವಳು. ಹಿಂದಿನಿಂದ ಮಾಂಸದ ವಾಸನೆ ಬಂದರೆ ಗಡಿಗೆಗಳನ್ನು ಸದ್ದು ಮಾಡಿ ಇಡುತ್ತಿದ್ದಳು. ಬಾವಿಯ ಸರದಿಗೆ ಜಗಳ, ಅಂಗಳ ಗುಡಿಸುವುದಕ್ಕೆ ಜಗಳ. ಬಾಡಿಗೆಯನ್ನು ಮಾತ್ರ ತಿಂಗಳು ತಪ್ಪಿಸದೆ ಕೊಡುತ್ತಿದ್ದಳು. ಹೊರಗಿನವರು ಸುಮ್ಮನಿರಲಿಲ್ಲ. ಮಹಾಂತಯ್ಯನ ಅಂಗಡಿಗೆ ಗಿರಾಕಿ ಕಡಿಮೆಯಾದರು. ಒಂದು ಮುಂಜಾನೆ ಬಾಗಿಲ ಮುಂದೆ ಸತ್ತ ನಾಯಿ ಬಿದ್ದಿತ್ತು. ಚನ್ನವೀರಮ್ಮ ಅದನ್ನು ತಾನೇ ಎಳೆದುಕೊಂಡು ಹೋಗಿ ಊರಾಚೆ ಹಾಕಿ ಬಂದು, ಬೀದಿಯ ನಡುವೆ ನಿಂತು, ಯಾರು ಹಾಕಿದರೋ ಅವರ ಮನೆ ಗೋಡೆ ಬೀಳಲಿ ಎಂದು ಜೋರಾಗಿ ಶಾಪ ಹಾಕಿದಳು. ಹಿಂದಿನ ಕೋಣೆಯಿಂದ ಅಮೀನಾಬಿಯ ಅಕ್ಕ ಅಂದೇ ಮೊದಲ ಸಲ ಹೊರಗೆ ಬಂದು ಅವಳಿಗೆ ಕೈ ತೊಳೆಯಲು ನೀರು ಹಾಕಿದಳು.

ಮರುವರ್ಷದ ಕೊನೆಗೆ ಖಾಸಿಂ ಸಾಹೇಬ ಜೇಲಿನಿಂದ ಬಿಡುಗಡೆಯಾಗಿ ಬಂದ. ಮೂಳೆಗೆ ಚರ್ಮ ಹೊದಿಸಿದಂತಿದ್ದ. ಪರದೆಯ ಆಚೆಯಿಂದ ಸಲಾಂ ಹೇಳಿ, ಮನೆ ಉಳಿಸಿದಿರಿ ಎಂದ. ಚನ್ನವೀರಮ್ಮ ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

"ಆ ಖಾಕಿ ಅಂಗಿ ಏನ್ ಮಾಡಿದ್ರಿ?"

"ಸುಟ್ಟೆ," ಎಂದ.

"ಸುಡೂದು ಭಾಳ ಸಲೀಸು," ಎಂದಳು. ಆಮೇಲೆ ಅವನ ಜೊತೆ ಅವಳು ಮಾತಾಡಿದ್ದು ಕಡಿಮೆ. ಆದರೆ ಅವನಿಗೆ ಜ್ವರ ಬಂದಾಗ ಗಂಜಿ ಕಾಸಿ ಪರದೆಯ ಕೆಳಗಿನಿಂದ ಸರಿಸಿದವಳೂ ಅವಳೇ.

ಐವತ್ತೆರಡರ ಹೊತ್ತಿಗೆ ಊರು ಬದಲಾಗಿತ್ತು. ಹೊಸ ಕಚೇರಿಗಳು ಬಂದವು, ಗುಮಾಸ್ತರಿಗೆ ಮನೆಗಳು ಸಾಲದಾದವು, ನಾರಾಯಣಪೇಟೆಯ ಸೀರೆ ವ್ಯಾಪಾರಿಗಳು ಮಕ್ತಲದಲ್ಲೂ ಜಾಗ ಹುಡುಕಿದರು. ಮಣ್ಣಿನ ಗೋಡೆಗೂ ಬೆಲೆ ಬಂತು. ಖಾಸಿಂ ಸಾಹೇಬನಿಗೆ ಹೈದರಾಬಾದಿನಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಈ ಸಲ ಯಾರ ಹೆದರಿಕೆಯೂ ಇಲ್ಲದೆ, ಮಾರಿ ಹೋಗುವುದೆಂದು ಗಂಡಹೆಂಡಿರು ನಿಶ್ಚಯಿಸಿದರು.

ಮಹಾಂತಯ್ಯ ಇದನ್ನೇ ಕಾಯುತ್ತಿದ್ದ. ಇಷ್ಟು ವರ್ಷ ಕಾಪಾಡಿದ್ದೇವೆ, ಅಂದಿನ ದರಕ್ಕೇ ನಮಗೆ ಕೊಟ್ಟಾರು, ಕೊಡದೆ ಇರಲಾರರು ಎಂದು ಹೆಂಡತಿಗೆ ಹೇಳಿದ. ಆಸೆ ಚನ್ನವೀರಮ್ಮನಿಗೂ ಇತ್ತು. ಬೀಸುವ ಕಲ್ಲು ಅವಳು ಅಂದು ನೋಡಿದ ಜಾಗದಲ್ಲೇ ಕೂತಿತ್ತು.

ಅಮೀನಾಬಿ ಒಂದು ಮಧ್ಯಾಹ್ನ ಪರದೆ ಸರಿಸಿ ಬಂದು ಎದುರಿಗೆ ಕೂತಳು. ನಾರಾಯಣಪೇಟೆಯ ಸೀರೆ ವ್ಯಾಪಾರಿಯೊಬ್ಬ ಜಂಬಪ್ಪನ ದರದ ನಾಲ್ಕು ಪಟ್ಟು ಕೊಡುತ್ತೇನೆಂದಿದ್ದಾನೆ, ಇನ್ನೊಬ್ಬನೂ ಬಂದು ಕೇಳಿ ಹೋಗಿದ್ದಾನೆ ಎಂದಳು. ಆಮೇಲೆ ಸೆರಗಿನ ಅಂಚು ಬೆರಳಿಗೆ ಸುತ್ತುತ್ತಾ ಹೇಳಿದಳು.

"ಅಕ್ಕಾ, ನೀ ಕೇಳಿದ್ರ ಅವತ್ತಿನ ದರಕ್ಕ ನಿನಗ ಕೊಡ್ತೀನಿ. ನಮ್ಮವರೂ ಹೂಂ ಅಂದಾರ. ನೀ ಒಂದ್ ಮಾತು ಕೇಳು."

ಚನ್ನವೀರಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಬೇಕೆಂದರೆ ಒಂದು ಮಾತು. ಆ ಮಾತು ಆಡಿದರೆ ತನಗೂ ಜಂಬಪ್ಪನಿಗೂ ಇರುವ ಅಂತರವೆಷ್ಟು ಎಂದು ಅವಳ ಮನಸ್ಸು ಕೇಳುತ್ತಿತ್ತು. ಅಂತರವಿದೆ, ಬೇಕಾದಷ್ಟಿದೆ ಎಂದು ಇನ್ನೊಂದು ಮನಸ್ಸು ಹೇಳುತ್ತಿತ್ತು. ಎರಡನ್ನೂ ಕೇಳಿಕೊಂಡು ಕೂರಲು ಅವಳಿಗೆ ಪುರಸೊತ್ತಿರಲಿಲ್ಲ.

"ನಿನಗ ನಾ ಕಲಿಸಿದ್ದೇನು? ಇಬ್ಬರು ಬಂದು ನಿಂತಾರಂದ್ರ ಹೆಚ್ಚು ಕೊಡೋವ್ರಿಗೆ ಕೊಡು. ಹೈದರಾಬಾದಿನ್ಯಾಗ ನಿನಗ ಯಾರು ಮನಿ ಅಗ್ಗಕ್ಕ ಕೊಡ್ತಾರ? ರೊಕ್ಕ ಕೈಯಾಗ ಬಿದ್ದ ಮ್ಯಾಲ ಕೀಲಿ ಕೊಡು. ಮೊದ್ಲ ಕೊಡಬ್ಯಾಡ. ಇನ್ನ ಎದ್ದು ಹೋಗು, ನನಗ ಕೆಲಸ ಐತಿ."

ಅಮೀನಾಬಿ ಸೀರೆ ವ್ಯಾಪಾರಿಗೇ ಮಾರಿದಳು. ಆದರೆ ಒಂದು ಕರಾರು ಹಾಕಿಸಿದಳು: ಚನ್ನವೀರಮ್ಮನಿಗೆ ಸ್ವಂತದ್ದೊಂದು ಆಗುವವರೆಗೂ ಮುಂಭಾಗ ಬಿಡಿಸಕೂಡದು. ವ್ಯಾಪಾರಿ ಮುಖ ಗಂಟಿಕ್ಕಿದ, ಆಕೆ ಬಿಡಲಿಲ್ಲ. ಹೊರಡುವ ದಿನ ಇಬ್ಬರು ಹೆಂಗಸರೂ ಅಳಲಿಲ್ಲ. ಅಮೀನಾಬಿ ಬಾವಿಯ ಹಗ್ಗ ಹೊಸದು ಹಾಕಿಸಿ ಹೋಗಿದ್ದಳು.

ಮಹಾಂತಯ್ಯ ಹೆಂಡತಿಯ ಜೊತೆ ಒಂದು ಮಳೆಗಾಲವಿಡೀ ಮಾತು ಬಿಟ್ಟ. ಚನ್ನವೀರಮ್ಮ ಆ ಮಳೆಗಾಲದಲ್ಲಿ ಊರ ಸುತ್ತಮುತ್ತಲ ಜಾಗಗಳನ್ನು ತುಳಿದಳು. ಕೊನೆಗೆ ಮಾಗನೂರಿನ ದಾರಿಯಲ್ಲಿ, ಊರು ಮುಗಿಯುವಲ್ಲಿ, ಗೋಡೆ ಕುಸಿದ ಒಂದು ಹಳೇ ಮನೆಯ ಪಾಯ ಸಿಕ್ಕಿತು. ಮಾರುವವನು ಪೆದ್ದಯ್ಯನೆಂಬ ಕುರಿಗಾರ. ಅವನಿಗೂ ಅವಸರವಿತ್ತು, ಮಗಳ ಮದುವೆ. ದರ ಬಾಯಿಗೆ ಬಂದಂತೆ ಇಳಿಸಿ ಹೇಳಿದ. ಚನ್ನವೀರಮ್ಮ ಅವನಿಗೆ, ಇನ್ನೊಬ್ಬರನ್ನು ಕೇಳಿಕೊಂಡು ಬಾ ಹೋಗು, ಹಿಂಗ ಮಾರಿದರ ನಾಳೆ ನನ್ನ ಬೈತಿ ಎಂದು ಬೈದು ಕಳಿಸಿದಳು. ಅವನು ಕೇಳಿಕೊಂಡು ಬಂದು ಸ್ವಲ್ಪ ಏರಿಸಿ ಹೇಳಿದ. ಅಷ್ಟು ಕೊಟ್ಟಳು. ಮಹಾಂತಯ್ಯ ತಲೆ ಚಚ್ಚಿಕೊಂಡ. ಕಾಗದವನ್ನು ತನ್ನ ಹೆಸರಿಗೇ ಬರೆಸಿಕೊಂಡಳು. ಊರಿನಲ್ಲಿ ಹೆಂಗಸಿನ ಹೆಸರಿಗೆ ಮನೆ ಎಂದರೆ ನಗುವ ಕಾಲ ಅದು. ನಗುವವರು ನಗಲಿ ಎಂದಳು.

ಜಂಬಪ್ಪನಿಗೆ ಏನೂ ಆಗಲಿಲ್ಲ. ಗೋದಾಮುಗಳು ಹೆಚ್ಚಿದವು, ಗದ್ವಾಲದಲ್ಲೂ ಮನೆಗಳಾದವು, ಪಂಚಾಯತಿಯಲ್ಲಿ ಅವನಿಗೆ ಕುರ್ಚಿ ಹಾಕುತ್ತಿದ್ದರು. ದೇವರು ನೋಡುತ್ತಾನೆ ಎಂದು ಯಾರಾದರೂ ಸಮಾಧಾನ ಹೇಳಲು ಬಂದರೆ ಚನ್ನವೀರಮ್ಮ, ನೋಡ್ತಾನ, ನೋಡಿ ಸುಮ್ಮನ ಕುಂತಾನ ಎನ್ನುತ್ತಿದ್ದಳು. ಮನೆ ಕೊಳ್ಳುವವರು, ಮಾರುವವರು ಆಕೆಯ ಹತ್ತಿರ ಬರತೊಡಗಿದ್ದು ಆಗಲೇ. ಬಂದವರಿಗೆ ಮೊದಲು ಬೈಗುಳ, ಆಮೇಲೆ ಬುದ್ಧಿ. ಯಾರು ಹೇಳಿದರು ಅವಸರವೆಂದು, ಅವರಿಗೇನು ಸಿಗುತ್ತದೆ ಎಂದು ಮೊದಲು ಕೇಳು. ಮಳೆಗಾಲದಲ್ಲಿ ಗೋಡೆ ನೋಡು, ಬೇಸಿಗೆಯಲ್ಲಿ ಬಾವಿ ನೋಡು. ಮನೆಯ ಹೆಂಗಸಿಗೆ ಗೊತ್ತಿಲ್ಲದೆ ಮಾರುವವನ ಮನೆ ಕೊಳ್ಳಬೇಡ, ಆ ಶಾಪ ನಿನಗೆ ಹತ್ತುತ್ತದೆ. ಬಂದವರಲ್ಲಿ ಅರ್ಧ ಜನ ಅವಳ ಮಾತು ಕೇಳಿದರು, ಅರ್ಧ ಜನ ಮರುದಿನವೇ ಜಂಬಪ್ಪನ ಹತ್ತಿರ ಹೋದರು.

ಹೊಸ ಮನೆಯ ಗೋಡೆ ಏಳುವಾಗ ಮಹಾಂತಯ್ಯ ಅಂಗಡಿ ಮುಚ್ಚಿ ಬಂದು ಮಣ್ಣು ಕಲಸಲು ನಿಂತ. ವಯಸ್ಸಾಗಿತ್ತು, ಸೊಂಟ ಹಿಡಿಯುತ್ತಿತ್ತು. ಒಂದು ಸಂಜೆ, ಆಳುಗಳು ಹೋದ ಮೇಲೆ, ಕಾಲು ತೊಳೆದುಕೊಳ್ಳುತ್ತಾ ಹೇಳಿದ.

"ಅವತ್ತು ನಿನ್ನ ಕೇಳದ ಮಾರಿದ್ದು ತಪ್ಪಾತು."

ಚನ್ನವೀರಮ್ಮ ಗೋಡೆಯ ಹಸಿಮಣ್ಣನ್ನು ಅಂಗೈಯಿಂದ ಸವರುತ್ತಿದ್ದಳು. ಅವನ ಕಡೆ ನೋಡಲಿಲ್ಲ.

"ಆತು," ಎಂದಳು.

ಹೋಗಲಿ ಬಿಡ್ರಿ ಎಂದು ಅವಳು ಅನ್ನುತ್ತಾಳೇನೋ ಎಂದು ಅವನು ಸ್ವಲ್ಪ ಹೊತ್ತು ಕಾದ. ಅವಳು ಅನ್ನಲಿಲ್ಲ. ಕತ್ತಲಾಗುವುದರೊಳಗೆ ಇನ್ನೊಂದು ಬುಟ್ಟಿ ಮಣ್ಣು ಬೇಕೆಂದಳು. ಅವನು ಎದ್ದು ತಂದು ಕೊಟ್ಟ.